ಬೆಳ್ಳಿಯ ಕಣ್ಣುಗಳು

೧೬-೮-೧೯೩೮, ಮಂಗಳವಾರ, ಸಾಸ್ವೆಹಳ್ಳಿ

ಮಗ ದುರುಗಪ್ಪನ ಎಡಗಣ್ಣಿಗೆ ಎತ್ತು ತಿವಿಯಿತೆಂದು ಊರಿಗೆಲ್ಲ ಹೇಳಿದವಳು ನಾನೇ. ಅವನೇ ಜಾಲಿಮುಳ್ಳಿನಿಂದ ಚುಚ್ಚಿಕೊಂಡದ್ದು. "ಮನಸ್ಸಿನ ಕಾಯಿಲೆ. ಬೆಂಗಳೂರಿಗೆ ಕರೆದೊಯ್ಯಿರಿ, ಅಲ್ಲಿಯವರೆಗೆ ಕೈ ಕಟ್ಟಿಡಿ" ಎಂದರು ಡಾಕ್ಟರು. ನಮ್ಮ ಮನೆತನದಲ್ಲಿ ಹುಚ್ಚರಿಲ್ಲ ಎಂದು ಎದ್ದು ಬಂದೆ. ಆದರೂ ಹೆದರಿ, ಮನೆಯೊಳಗೆ ಅವನ ಕೈಗಳನ್ನು ಹಗ್ಗದಿಂದ ಕಟ್ಟಿಟ್ಟಿದ್ದೆ.

ನನ್ನ ಕಣ್ಣಿನ ಪೊರೆಗೆಂದು ಚೌಡಮ್ಮನಿಗೆ ಬೆಳ್ಳಿಯ ಕಣ್ಣುಗಳ ಹರಕೆ ಹೊತ್ತಿದ್ದೆ. ತೀರಿಸದೆ ಮೂರು ವರ್ಷವಾಯಿತು. ಅದೇ ಮುನಿಸೆಂದು ಇಂದು ಒಪ್ಪಿಸಿದೆ. ಗುಡಿಯಲ್ಲಿ ಜನ ನೋಡಬಾರದೆಂದು ಅವನ ಕೈ ಬಿಚ್ಚಿದ್ದೆ.

ಉಣ್ಣುವಾಗ ನಕ್ಕ. "ಅವ್ವಾ, ತಾಯಿಗೆ ಬೆಳ್ಳಿ ಬ್ಯಾಡಂತೆ. ಒಂದು ಕೊಟ್ಟೀನಿ, ಜೋಡಿ ಬೇಕಂತೆ."

"ಬಾಯಿ ಮುಚ್ಕೊಂಡು ಉಣ್ಣು" ಎಂದೆ. ಮತ್ತೆ ಕಟ್ಟಿದರೆ ಡಾಕ್ಟರ ಮಾತು ಒಪ್ಪಿದಂತೆ ಎಂದು ಹಾಗೆಯೇ ಬಿಟ್ಟೆ.

ಈಗ ನಡುಮನೆಯಲ್ಲಿ ಅವನೊಬ್ಬನೇ ಯಾರಿಗೋ "ಬಂದೆ ತಾಯಿ, ಬಂದೆ" ಅನ್ನುತ್ತಿದ್ದಾನೆ. ಆ ಹಗ್ಗ ಎಲ್ಲಿಟ್ಟೆನೋ