ಜಾವಳಿಯಲ್ಲಿ ನಿಂತ ಗಾಡಿ

ಸೆಪ್ಟೆಂಬರ್ 15, 2024. ಭಾನುವಾರ, ಮಧ್ಯಾಹ್ನ

ಬುಲೆಟ್ಟಿನ ಚೈನ್ ತೊಳೆದು ಮುಗಿಯಿತು. ಸೀಮೆಎಣ್ಣೆ ಈಗೆಲ್ಲಿ ಸಿಗುತ್ತದೆ, ಡೀಸೆಲ್‌ನಲ್ಲೇ ಉಜ್ಜಿದೆ. ಉಗುರಿನ ಸಂದಿಯ ಕಪ್ಪು ಇನ್ನೂ ಹೋಗಿಲ್ಲ. ಮಳೆ ಬಿಟ್ಟ ಹಾಗೆ ಮಾಡಿ ಮತ್ತೆ ಹಿಡಿಯಿತು. ಇವತ್ತು ರೈಡ್ ಇಲ್ಲ.

ಫೋನಿಗೆ ಮಾತ್ರ ಬಿಡುವಿಲ್ಲ. ‘ಘಟ್ಟದ ಸವಾರರು’ ಗ್ರೂಪಿನಲ್ಲಿ ಒಬ್ಬನ ಬ್ರೇಕ್ ಕಿರುಗುಡುತ್ತದೆ. ಇನ್ನೊಬ್ಬನಿಗೆ ಚಾರ್ಮಾಡಿಯ ಮಂಜಿನ ಚಿಂತೆ. ಇಬ್ಬರಿಗೂ ಬರೆದೆ. ಪ್ಯಾಡ್ ಬಿಚ್ಚಿ ಒರೆಸಿ, ಅದಕ್ಕೆ ಎಣ್ಣೆ ಮಾತ್ರ ಹಾಕಬೇಡಿ. ಮಂಜಿನಲ್ಲಿ ಹೈಬೀಮ್ ಬೇಡ, ಬೆಳಕು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ‘ಥ್ಯಾಂಕ್ಸ್ ಪ್ರಸಾದ್ ಸರ್’ ಅಂದರು. ಜೊತೆಗೆ ಕೈಮುಗಿದ ಚಿತ್ರ.

ಇವರಲ್ಲಿ ಹೆಚ್ಚಿನವರ ಮುಖ ನೋಡಿಲ್ಲ. ಕೆಲವರು ಕಳಸಕ್ಕೆ ಹೋಗುವಾಗ ಜಾವಳಿಯಲ್ಲಿ ನಮ್ಮ ಎಸ್ಟೇಟಿನ ಗೇಟಿನ ಮುಂದೆಯೇ ಹೋಗುತ್ತಾರೆ. ಹಾರ್ನ್ ಹೊಡೆಯುತ್ತಾರೆ. ಇಳಿಯುವುದಿಲ್ಲ. ಅವರಿಗೂ ಹೊತ್ತಾಗಿರುತ್ತದೆ.

ಆಳುಗಳ ಹಾಜರಿ ಬರೆಯುವುದಿದೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೆಲಸಕ್ಕೆ ಭಾನುವಾರವೂ ಒಂದೇ.

ಸೆಪ್ಟೆಂಬರ್ 26, ಗುರುವಾರ

ನಂದನ್ ಫೋನ್ ಮಾಡಿದ್ದ. ಅರಸೀಕೆರೆಯವನು, ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಗ್ರೂಪಿನವರೆಲ್ಲ ಮೆಸೇಜ್ ಹಾಕುತ್ತಾರೆ, ಇವನೊಬ್ಬ ಮಾತಾಡುತ್ತಾನೆ. ದಸರಾ ರಜೆಯಲ್ಲಿ ಹೆಂಡತಿ ಕವನಾಳನ್ನು ಕೂರಿಸಿಕೊಂಡು ಕಳಸಕ್ಕೆ ಬರುತ್ತಾನಂತೆ. ಅವಳಿಗೆ ಮೊದಲ ಲಾಂಗ್ ರೈಡ್.

ಹೇಳಬೇಕಾದ್ದನ್ನೆಲ್ಲ ಹೇಳಿದೆ. ಇಬ್ಬರಿದ್ದರೆ ಹಿಂದಿನ ಟೈರಿಗೆ ಗಾಳಿ ಸ್ವಲ್ಪ ಜಾಸ್ತಿ. ಲಗೇಜ್ ಎತ್ತರಕ್ಕೆ ಕಟ್ಟಬಾರದು. ತಿರುವಿಗೆ ಮುಂಚೆಯೇ ಗೇರ್ ಇಳಿಸಬೇಕು, ತಿರುವಿನೊಳಗೆ ಬ್ರೇಕ್ ಹಿಡಿಯಬಾರದು. ನೀನು ವಾಲಿದ ಕಡೆಗೇ ಅವಳೂ ವಾಲಲಿ, ಹೆದರಿ ಆಚೆ ಎಳೆಯದಿರಲಿ. ದಾರಿಯಲ್ಲಿ ನಮ್ಮಲ್ಲಿ ಇಳಿದು ಕಾಫಿ ಕುಡಿದೇ ಹೋಗಬೇಕು ಎಂದೆ.

‘ಕಾಫಿ ಅಲ್ಲ ಸರ್, ತಿಂಡಿಗೇ ಬರ್ತೀವಿ’ ಎಂದ.

ಇದರಲ್ಲಿ ಬರೆದಿಡುವಂಥದ್ದೇನಿಲ್ಲ. ಬರೆದೆ.

ಅಕ್ಟೋಬರ್ 7, ಸೋಮವಾರ. ಹಾಸನ, ಆಸ್ಪತ್ರೆ

ಡೈರಿ ಇಲ್ಲಿಲ್ಲ. ಮೆಡಿಕಲ್ ಶಾಪಿನವರ ಬಿಲ್ಲಿನ ಹಿಂದೆ ಬರೆಯುತ್ತಿದ್ದೇನೆ. ಆಮೇಲೆ ಅಂಟಿಸಬೇಕು.

ನಿನ್ನೆ ಅವರು ಬರುವ ದಿನ. ಬೆಳಗ್ಗೆಯೇ ಅಕ್ಕಿರೊಟ್ಟಿಗೆ ಹಿಟ್ಟು ಕಲಸಿದೆ. ಕಾಯಿಚಟ್ನಿ ಮಾಡಿದೆ. ಕ್ವಾರ್ಟರ್ಸಿನಲ್ಲಿ ಇರುವುದು ಒಂದೇ ಕುರ್ಚಿ, ಆಫೀಸಿನಿಂದ ಎರಡು ತಂದಿಟ್ಟೆ. ತಿಂಡಿಯ ಹೊತ್ತು ಮೀರಿತು. ಫೋನ್ ಹತ್ತಲಿಲ್ಲ — ಆ ದಾರಿಯಲ್ಲಿ ಸಿಗ್ನಲ್ ಇರುವುದೇ ಅಲ್ಲಲ್ಲಿ. ಮೂಡಿಗೆರೆಯಲ್ಲೇ ತಿಂದಿರಬೇಕು, ಹಾಗೇ ಕಳಸಕ್ಕೆ ಹೋಗಿರಬೇಕು ಅಂದುಕೊಂಡೆ. ಒಂದು ಕುರ್ಚಿಯನ್ನು ಆಫೀಸಿಗೆ ವಾಪಸ್ ಇಟ್ಟೂ ಬಂದೆ. ಆದರೆ ಹಾರ್ನ್ ಕೇಳಿರಲಿಲ್ಲ. ಅವನು ಹಾರ್ನ್ ಕೂಡ ಹೊಡೆಯದೆ ಹೋಗುವವನಲ್ಲ. ಬುಲೆಟ್ ತೆಗೆದೆ.

ಬಾಳೂರಿಗೆ ಮುಂಚೆ, ಗುಡ್ಡದ ಕೆಂಪು ಮಣ್ಣು ಜರಿದು ರಸ್ತೆಗೆ ಹರಡಿದ್ದ ತಿರುವಿನಲ್ಲಿ ಇದ್ದರು. ಗಾಡಿ ಚರಂಡಿಯಲ್ಲಿ. ಅವಳು ರಸ್ತೆಯಂಚಿನಲ್ಲಿ ಕೂತು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಅವಳ ಮೊಣಕೈ ತರಚಿತ್ತು, ಅಷ್ಟೇ. ಅವನ ಎಡಗಾಲು ಮೊಣಕಾಲಿನ ಕೆಳಗೆ ಎಲ್ಲಿಗೆ ತಿರುಗಬಾರದೋ ಅಲ್ಲಿಗೆ ತಿರುಗಿತ್ತು. ಒಂದು ಕಾರು ನಿಲ್ಲಿಸಿ, ನೋಡಿ, ಸಿಗ್ನಲ್ ಸಿಕ್ಕಿದಲ್ಲಿ ಫೋನ್ ಮಾಡುತ್ತೇವೆಂದು ಹೇಳಿ ಹೋಗಿತ್ತಂತೆ.

ಅವಳು ತಲೆಯೆತ್ತಿ ಕೇಳಿದಳು, ‘ಪ್ರಸಾದ್ ಸರ್ ಅಂದ್ರೆ ನೀವೇನಾ?’

ಎಸ್ಟೇಟಿಗೆ ವಾಪಸ್ ಓಡಿ ಜೀಪ್ ತಂದೆ. ಮೇಸ್ತ್ರಿ ಚಿಕ್ಕಯ್ಯನವರೂ ಬಂದರು. ಕಾಲಿಗೆ ಎರಡೂ ಕಡೆ ಹಲಗೆ ಕೊಟ್ಟು ಪಂಚೆಯಲ್ಲಿ ಬಿಗಿದು ಎತ್ತಿದೆವು. ನಂದನ್ ಕೂಗಲಿಲ್ಲ. ಮೂಡಿಗೆರೆಯಲ್ಲಿ ಎಕ್ಸ್‌ರೇ ತೆಗೆದು ನೋಡಿ ಹಾಸನಕ್ಕೆ ಬರೆದುಕೊಟ್ಟರು. ಇವತ್ತು ಬೆಳಗ್ಗೆ ಆಪರೇಷನ್ ಆಯಿತು, ರಾಡ್ ಹಾಕಿದ್ದಾರೆ.

ಅವನಿಗೆ ತಂದೆ ತಾಯಿ ಇಲ್ಲ. ಅಣ್ಣ ಮಸ್ಕತ್‌ನಲ್ಲಿದ್ದಾನೆ, ಬರಲು ಟಿಕೆಟ್ ನೋಡುತ್ತಿದ್ದಾನೆ. ಅಲ್ಲಿಯವರೆಗೆ ಇರುತ್ತೀರಾ ಎಂದು ಕವನಾ ಕೇಳಿದಳು. ಎಸ್ಟೇಟಿನ ದೊರೆಗಳಿಗೆ ಫೋನ್ ಮಾಡಿ ರಜೆ ಹೇಳಿದೆ.

ಅಕ್ಟೋಬರ್ 9, ಬುಧವಾರ. ಹಾಸನ

ಒಂದು ವಿಷಯ ಬರೆಯಬೇಕು. ಯಾರಿಗೂ ಹೇಳುವಂಥದ್ದಲ್ಲ.

ಬೆಳಗ್ಗೆ ಫ್ಲಾಸ್ಕ್ ಹಿಡಿದು ಕಾಫಿ ತರಲು ಹೋದೆ. ಕ್ಯಾಂಟೀನಿನವನು ‘ಮಗನಾ?’ ಎಂದ. ಹೂಂ ಅನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಮೇಲೆ ಬಂದರೆ ನಂದನ್ ಎದ್ದಿದ್ದ. ಕವನಾಳಿಗೆ ಸ್ನಾನಕ್ಕೆ ಹೋಗು, ಸರ್ ಇದ್ದಾರಲ್ಲ ಎಂದ. ನಾನು ಕಿಟಕಿಯ ಹತ್ತಿರ ಕೂತೆ. ಅವನು ಮಲಗಿದಲ್ಲೇ ಗಾಡಿಯ ವಿಷಯ ತೆಗೆದ. ಹ್ಯಾಂಡಲ್ ಸೊಟ್ಟಗಾಗಿದೆಯಾ, ಟ್ಯಾಂಕ್ ನೆಗ್ಗಿದೆಯಾ...

ಆಗ ನನಗೆ ಗೊತ್ತಾಯಿತು — ನಾನು ಖುಷಿಯಾಗಿದ್ದೇನೆ.

ಅವನ ಕಾಲಿನಲ್ಲಿ ಕಬ್ಬಿಣ ಇದೆ. ಆ ಹುಡುಗಿ ನಿದ್ದೆಯಲ್ಲಿ ಬೆಚ್ಚಿ ಏಳುತ್ತಾಳೆ. ಮತ್ತು ನಾನು ಇಷ್ಟು ವರ್ಷಗಳಲ್ಲಿ ಇಷ್ಟು ನೆಮ್ಮದಿಯಾಗಿ ಇದ್ದದ್ದಿಲ್ಲ. ಎಂಥಾ ಮನುಷ್ಯ ನಾನು.

ಅಕ್ಟೋಬರ್ 13, ಭಾನುವಾರ

ವಾಪಸ್ ಬಂದಿದ್ದೇನೆ. ಮಸ್ಕತ್‌ನಿಂದ ನಂದನ್ ಅಣ್ಣ ಬಂದ. ಒಳ್ಳೆಯವನು. ಕೈಹಿಡಿದು ಥ್ಯಾಂಕ್ಸ್ ಹೇಳಿ, ಇನ್ನು ನೀವು ಹೊರಡಿ, ನಿಮಗೂ ಕೆಲಸ ಇರುತ್ತದೆ ಎಂದ. ಸರಿಯಾದ ಮಾತೇ.

ಚಿಕ್ಕಯ್ಯನವರು ನಂದನ್ ಗಾಡಿಯನ್ನು ಎತ್ತಿಸಿ ತಂದು ನಮ್ಮ ಶೆಡ್ಡಿನಲ್ಲಿ ನಿಲ್ಲಿಸಿದ್ದಾರೆ. ಮಣ್ಣೆಲ್ಲ ಒಣಗಿ ಗಟ್ಟಿಯಾಗಿದೆ. ನೋಡಿದೆ. ಹ್ಯಾಂಡಲ್, ಹೆಡ್‌ಲೈಟ್, ಕ್ಲಚ್ ಲಿವರ್ ಹೋಗಿವೆ. ಮುಂದಿನ ಫೋರ್ಕ್ ಪೈಪ್ ಒಂದು ಬಾಗಿದೆ. ಇಂಜಿನ್ನಿಗೆ ಏನೂ ಆಗಿಲ್ಲ.

ನಾನೇ ರಿಪೇರಿ ಮಾಡುತ್ತೇನೆಂದು ನಂದನ್‌ಗೆ ಹೇಳಿದೆ.

ಹಿಟ್ಟು ಪಾತ್ರೆಯಲ್ಲೇ ಹುಳಿತು ಬೂಸ್ಟು ಹಿಡಿದಿತ್ತು. ತಿಕ್ಕಿ ತೊಳೆದೆ.

ಅಕ್ಟೋಬರ್ 25, ಶುಕ್ರವಾರ

ದಿನಾ ಸಂಜೆ ಫೋನ್ ಮಾಡುತ್ತಾನೆ. ಮಲಗಿ ಮಲಗಿ ಬೇಜಾರು. ಇವತ್ತು ಏನು ಬಿಚ್ಚಿದಿರಿ ಸರ್ ಎಂದು ಕೇಳುತ್ತಾನೆ. ನಾನು ಫೋನನ್ನು ಟೂಲ್ ಬಾಕ್ಸಿಗೆ ಒರಗಿಸಿ ವಿಡಿಯೋದಲ್ಲಿ ತೋರಿಸುತ್ತೇನೆ. ಸ್ಟೀರಿಂಗ್ ಬೇರಿಂಗ್ ಯಾಕೆ ಗ್ರೀಸ್ ಕೇಳುತ್ತದೆ, ನಟ್ಟನ್ನು ಎಷ್ಟು ಬಿಗಿದರೆ ಸಾಕು, ಹೊಸ ಕೇಬಲ್ ಹಾಕುವಾಗ ಹಳೆಯದನ್ನು ಎಸೆಯದೆ ಸೀಟಿನಡಿ ಯಾಕೆ ಇಟ್ಟುಕೊಳ್ಳಬೇಕು. ಮೇಷ್ಟ್ರಲ್ಲವೇ, ಪ್ರಶ್ನೆ ಕೇಳುವುದು ಚೆನ್ನಾಗಿ ಗೊತ್ತು.

ಹಿಂದಿನಿಂದ ಕವನಾಳ ದನಿ ಕೇಳುತ್ತದೆ. ಅವಳು ಕ್ಯಾಮೆರಾದ ಮುಂದೆ ಬರುವುದಿಲ್ಲ.

ನವೆಂಬರ್ 9, ಶನಿವಾರ

ಗಾಡಿ ರೆಡಿ. ಹೊಸ ಫೋರ್ಕ್ ಪೈಪ್ ನಿನ್ನೆ ಬಂತು, ರಾತ್ರಿಯೇ ಹಾಕಿದೆ. ಬೆಳಗ್ಗೆ ಬಣಕಲ್‌ವರೆಗೆ ಓಡಿಸಿಕೊಂಡು ಬಂದೆ. ಕೈಬಿಟ್ಟರೂ ನೇರ ಹೋಗುತ್ತದೆ. ಎಲ್ಲೂ ಸದ್ದಿಲ್ಲ.

ಸಂಜೆ ನಂದನ್ ಫೋನ್. ‘ಫೋರ್ಕ್ ಪೈಪ್ ಬಂತಾ ಸರ್?’

ಇಲ್ಲ ಮಾರಾಯ, ಇನ್ನೂ ಬಂದಿಲ್ಲ ಎಂದೆ.

ಯಾಕೆ ಹಾಗೆಂದೆ?

ನವೆಂಬರ್ 28, ಗುರುವಾರ

ಅರೇಬಿಕಾ ಕಾಫಿ ಕೊಯ್ಲು ಶುರುವಾಗಿದೆ. ಬೆಳಗ್ಗಿಂದ ತೂಕ, ಬರವಣಿಗೆ. ಮೈಕೈ ನೋವು. ಆದರೂ ಸಂಜೆಯಾಗುತ್ತಲೇ ಶೆಡ್ಡಿಗೆ ಹೋಗಿ ಕೂರುತ್ತೇನೆ.

ಪೈಪ್ ಬರಬೇಕು ಎಂದು ಇನ್ನೂ ಹೇಳುತ್ತಿದ್ದೇನೆ. ನಡುವೆ ಬ್ರೇಕ್ ಆಯಿಲ್ ಬದಲಿಸೋಣ ಎಂದೆ. ಸ್ಪೋಕ್ ಒಂದು ಸಡಿಲ ಎಂದೆ. ಸಡಿಲ ಇರಲಿಲ್ಲ. ನಾನೇ ಸಡಿಲಿಸಿ ಕ್ಯಾಮೆರಾದ ಮುಂದೆ ಬಿಗಿದೆ. ಅವನು ನಂಬಿದ. ನಾನು ಹೇಳಿದ್ದೆಲ್ಲ ನಂಬುತ್ತಾನೆ.

ಡಿಸೆಂಬರ್ 5, ಗುರುವಾರ

ಮಧ್ಯಾಹ್ನ ಕವನಾ ಫೋನ್ ಮಾಡಿದ್ದಳು. ಅವನು ಫಿಸಿಯೋಥೆರಪಿಗೆ ಹೋದ ಹೊತ್ತು ನೋಡಿ ಮಾಡಿದ್ದಾಳೆ. ಮೊದಲು ಕೊಯ್ಲು ಹೇಗಿದೆ ಎಂದು ಕೇಳಿದಳು. ಆಮೇಲೆ ಹೇಳಿದಳು.

‘ಸರ್, ಆ ಗಾಡಿ ಇನ್ನು ಆಗಲ್ಲ ಅಂತ ಹೇಳ್ಬಿಡಿ. ಚಾಸಿಸ್ಸೇ ಹೋಗಿದೆ, ಓಡ್ಸಿದ್ರೆ ಅಪಾಯ ಅಂತ. ನಾನು ಹೇಳಿದ್ರೆ ಜಗಳ ಆಗತ್ತೆ. ನೀವು ಹೇಳಿದ್ರೆ ಕೇಳ್ತಾರೆ.’

ಆ ತಿರುವಿನಲ್ಲಿ ಅವನು ಸತ್ತೇ ಹೋದ ಎಂದುಕೊಂಡಿದ್ದಳಂತೆ, ಸ್ವಲ್ಪ ಹೊತ್ತು. ನಾನು ಬರುವ ಮುಂಚೆ. ಆ ಸ್ವಲ್ಪ ಹೊತ್ತು ಇನ್ನೂ ಮುಗಿದಿಲ್ಲ ಎಂದಳು.

ಯೋಚಿಸಿ ಹೇಳುತ್ತೇನೆ ಎಂದೆ.

ಸಂಜೆ ನಂದನ್ ಫೋನ್ ಮಾಡಿದ. ಎತ್ತಲಿಲ್ಲ.

ಡಿಸೆಂಬರ್ 6, ಶುಕ್ರವಾರ

ಅವಳು ಕೇಳಿದ ಸುಳ್ಳು ನನಗೆ ಕಷ್ಟವೇ ಅಲ್ಲ. ತಿಂಗಳಿಂದ ಅಭ್ಯಾಸ ಮಾಡಿದ್ದೇನೆ. ಅದೇ ಹೆದರಿಕೆಯಾಯಿತು. ಅವಳು ಅವನಿಗಾಗಿ ಹೇಳು ಎನ್ನುತ್ತಿದ್ದಾಳೆ. ನಾನು ಯಾರಿಗಾಗಿ ಹೇಳುತ್ತಿದ್ದೆ?

ಊಟದ ಹೊತ್ತಿಗೆ ಫೋನ್ ಮಾಡಿದೆ. ಇಬ್ಬರೂ ಇದ್ದೀರಾ, ಸ್ಪೀಕರ್‌ನಲ್ಲಿ ಹಾಕಿ ಎಂದೆ. ಗಾಡಿ ರೆಡಿಯಾಗಿ ಬಹಳ ದಿನವಾಯಿತು, ಯಾವ ಪಾರ್ಟೂ ಬರಬೇಕಾಗಿಲ್ಲ, ನಾನೇ ತಡಮಾಡಿದೆ ಎಂದೆ. ಕವನಾಗೆ ನೀನು ಮತ್ತೆ ಗಾಡಿ ಹತ್ತುವುದೆಂದರೆ ಭಯ ಇದೆ, ಅದನ್ನು ನೀವಿಬ್ಬರೂ ಕೂತು ಮಾತಾಡಿ, ನನ್ನ ಮೂಲಕ ಬೇಡ ಎಂದೆ.

ನಂದನ್ ಯಾಕೆ ಸರ್ ಎಂದ. ಕೋಪ ಇರಲಿಲ್ಲ, ಅರ್ಥವಾಗಿರಲಿಲ್ಲ.

‘ರೆಡಿ ಅಂದ್ರೆ ನೀನು ಫೋನ್ ಮಾಡೋದು ನಿಂತುಹೋಗತ್ತಲ್ಲ ಮಾರಾಯ.’

ಹೇಳಿಬಿಟ್ಟೆ. ಇಟ್ಟುಬಿಡೋಣ ಎನ್ನುವಷ್ಟರಲ್ಲಿ ಕವನಾಳ ದನಿ.

‘ಅಷ್ಟಕ್ಕೆ ಗಾಡಿ ಯಾಕೆ ಬೇಕಿತ್ತು ಸರ್?’

ಫೋನ್ ಇಟ್ಟು ಶೆಡ್ಡಿಗೆ ಹೋದೆ, ಗಾಡಿಗೆ ಟಾರ್ಪಾಲು ಹೊದಿಸಿ ಬಂದೆ.

ಜನವರಿ 19, 2025. ಭಾನುವಾರ, ಸಂಜೆ

ಬಂದಿದ್ದರು. ಕೊಟ್ಟಿಗೆಹಾರದವರೆಗೆ ಬಸ್ಸು, ಅಲ್ಲಿಂದ ನಾನು ಜೀಪಿನಲ್ಲಿ ಕರೆತಂದೆ. ಬಾಳೂರಿನ ತಿರುವು ಬಂದಾಗ ಕವನಾ ಕಣ್ಣು ಮುಚ್ಚಿಕೊಂಡಳು. ನಂದನ್ ನೋಡಿದ. ಮಣ್ಣು ತೆಗೆದಿದ್ದಾರೆ, ಗುರುತೇ ಇಲ್ಲ.

ನಡಿಗೆ ಸ್ವಲ್ಪ ಎಳೆಯುತ್ತದೆ, ಉಳಿದಂತೆ ಆರಾಮ. ಬರೀ ಎಸ್ಟೇಟಿನೊಳಗಿನ ರಸ್ತೆಯಲ್ಲಿ ಗಾಡಿ ಓಡಿಸಿ ನೋಡಬಹುದೆಂದು ಡಾಕ್ಟರ್ ಹೇಳಿದ್ದಾರಂತೆ — ಅಂದರೆ ಡಾಕ್ಟರು ಅಷ್ಟು ಹೇಳಿಲ್ಲ, ಅವನೇ ಸೇರಿಸಿದ್ದು. ಕವನಾ ಬೇಡ ಎನ್ನಲಿಲ್ಲ. ಅರಸೀಕೆರೆಯಲ್ಲೇ ಅದೆಲ್ಲ ಮುಗಿಸಿಕೊಂಡು ಬಂದಿದ್ದರು ಅನ್ನಿಸಿತು.

ಸ್ಟಾರ್ಟ್ ಮಾಡಿದ. ಗೇಟಿನವರೆಗೆ ನಿಧಾನಕ್ಕೆ ಹೋದ. ಕಣದಲ್ಲಿ ಕಾಫಿ ಹರವುತ್ತಿದ್ದ ಹೆಂಗಸರೆಲ್ಲ ನಿಂತು ನೋಡಿದರು. ಕವನಾ ಮಾತ್ರ ನನ್ನ ಮೆಟ್ಟಿಲ ಮೇಲೆ ಬೆನ್ನು ತಿರುಗಿಸಿ ಕೂತಳು, ಸದ್ದನ್ನಷ್ಟೇ ಕೇಳುತ್ತಾ. ಗೇಟಿನ ಹತ್ತಿರ ಇಂಜಿನ್ ನಿಂತಿತು. ಅವಳು ಎದ್ದು ನಿಂತಳು.

ಬಿದ್ದಿರಲಿಲ್ಲ. ತಳ್ಳಿಕೊಂಡು ಬರುತ್ತಿದ್ದ. ಓಡಿಹೋಗಿ ಹಿಡಿದೆ. ಮುಖ ಬಿಳುಚಿತ್ತು, ಮೇಲ್ದುಟಿಯ ಮೇಲೆ ಬೆವರು.

‘ಕಾಲು ಸರಿ ಇದೆ ಸರ್. ನಂಗೇ ಆಗ್ತಿಲ್ಲ.’

ಕ್ಲಚ್ ಬಿಡುವಾಗೆಲ್ಲ ಹಿಂದಿನಿಂದ ಅವಳು ಕಿರುಚಿದ್ದು ಕೇಳುತ್ತದಂತೆ. ಇದು ಹೋಗುತ್ತದಾ ಸರ್, ಏನು ಮಾಡಬೇಕು ಎಂದು ಕೇಳಿದ. ಗಾಡಿಯ ಬಗ್ಗೆ ಯಾರು ಏನು ಕೇಳಿದರೂ ನನ್ನ ಹತ್ತಿರ ಒಂದು ಉತ್ತರ ಇರುತ್ತಿತ್ತು. ಗೊತ್ತಿಲ್ಲ ನಂದನ್ ಎಂದೆ. ಗಾಡಿಯನ್ನು ಇಬ್ಬರೂ ತಳ್ಳಿಕೊಂಡು ಬಂದೆವು.

ಅವಳು ಸೋತವನನ್ನು ನೋಡುವ ಹಾಗೆ ನೋಡಲಿಲ್ಲ. ಬೇಕಾದ್ದು ಸಿಕ್ಕವಳ ಹಾಗೂ ಇರಲಿಲ್ಲ. ನೀರು ತಂದುಕೊಟ್ಟು, ಅವನ ಪಕ್ಕ ಕೂತು, ‘ಇವತ್ತೇ ಏನೂ ತೀರ್ಮಾನ ಮಾಡ್ಬೇಡಿ’ ಎಂದಳು.

ಅಕ್ಕಿರೊಟ್ಟಿ ತಿಂದರು. ಹೊರಡುವಾಗ ನಂದನ್ ಗಾಡಿಯ ಸೀಟನ್ನು ಒಮ್ಮೆ ಒರೆಸಿದ. ಅದರಲ್ಲಿ ಧೂಳಿರಲಿಲ್ಲ.

ಫೆಬ್ರವರಿ 4, ಮಂಗಳವಾರ

ಗಾಡಿ ಹೋಯಿತು. ಅವನ ಸಹೋದ್ಯೋಗಿಯೊಬ್ಬರು ತಗೊಂಡಿದ್ದಾರೆ. ಟೆಂಪೋದಲ್ಲಿ ಹಾಕಿಕೊಂಡು ಹೋದರು. ಯಾವ ಆಯಿಲ್, ಚೈನ್ ಎಷ್ಟು ಸಡಿಲ ಇರಬೇಕು, ಎಲ್ಲ ಹೇಳಿಕೊಟ್ಟೆ. ಅವರು ಹೂಂ ಹೂಂ ಎನ್ನುತ್ತಾ ಹಗ್ಗ ಬಿಗಿಯುತ್ತಿದ್ದರು.

ಶೆಡ್ಡಿನ ನೆಲದಲ್ಲಿ ಎಣ್ಣೆಯ ಕಲೆ. ಬೂದಿ ಹಾಕಿ ಗುಡಿಸಿದೆ.

ಫೆಬ್ರವರಿ 23, ಭಾನುವಾರ, ಸಂಜೆ

ನಂದನ್‌ಗೆ ಸ್ಕೂಲು ಶುರುವಾಗಿರಬೇಕು. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂತು, ಸ್ಪೆಷಲ್ ಕ್ಲಾಸು ಇರುತ್ತದೆ. ಫೋನ್ ಬಂದಿಲ್ಲ. ಗ್ರೂಪನ್ನೂ ಬಿಟ್ಟಿದ್ದಾನೆ — ಗಾಡಿ ಇಲ್ಲದವನು ಅಲ್ಲಿದ್ದು ಏನು ಮಾಡಬೇಕು. ಇವತ್ತು ಬುಲೆಟ್ಟಿನಲ್ಲಿ ಅತ್ತಿಗುಂಡಿ ಬೆಟ್ಟಕ್ಕೆ ಹೋಗಿಬಂದೆ. ಮೇಲೆ ಗಾಳಿ ಜೋರಿತ್ತು. ಫೋಟೋ ತೆಗೆದೆ, ಗ್ರೂಪಿಗೆ ಹಾಕಲಿಲ್ಲ.

ಬಂದು ಕೂತು ಯೋಚಿಸಿದೆ. ಇಷ್ಟು ವರ್ಷ ಬೇರೆಯವರೇ ನನ್ನನ್ನು ಕೇಳಿದ್ದಾರೆ, ಮೆಸೇಜಿನಲ್ಲೋ ಫೋನಿನಲ್ಲೋ. ಕೆಲಸವಿಲ್ಲದೆ ನಾನಾಗಿ ಯಾರಿಗೂ ಫೋನ್ ಮಾಡಿದ್ದಿಲ್ಲ. ಹೇಳುವುದಕ್ಕೆ ಏನಾದರೂ ಇರಬೇಕಲ್ಲ ಎಂದು.

ಮಾಡಿದೆ. ಬಹಳ ಹೊತ್ತು ರಿಂಗಾಯಿತು. ಕವನಾ ಎತ್ತಿದಳು. ಗಾಬರಿಯಾದಳು, ಏನಾಯ್ತು ಸರ್ ಎಂದಳು.

‘ಏನಿಲ್ಲ. ಸುಮ್ನೆ ಮಾಡ್ದೆ.’

ಆ ಕಡೆ ಪಾತ್ರೆಯ ಸದ್ದು, ಟಿವಿಯ ಸದ್ದು. ಟಿವಿ ನಿಂತಿತು. ರೀ, ಪ್ರಸಾದ್ ಸರ್ ಎಂದು ಒಳಗೆ ಕೂಗಿದಳು. ಎಳೆದು ಹಾಕುವ ಹೆಜ್ಜೆ ಹತ್ತಿರ ಬಂದದ್ದು ಕೇಳಿತು. ನನಗೆ ಮುಂದೆ ಏನು ಮಾತಾಡಬೇಕೋ ಗೊತ್ತಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ ಅನ್ನಿಸುತ್ತದೆ. ಇಬ್ಬರೂ ಇಡಲಿಲ್ಲ. ಕೊನೆಗೆ ನಾನೇ, ಇವತ್ತು ಸ್ಕೂಲಿನಲ್ಲಿ ಎಂದು ಶುರುಮಾಡಿ, ಅಯ್ಯೋ ಇವತ್ತು ಭಾನುವಾರ ಅಲ್ವಾ ಎಂದೆ. ಅವನು ನಕ್ಕುಬಿಟ್ಟ. ಆಮೇಲೆ ಅವನು ಪರೀಕ್ಷೆಯ ಗಡಿಬಿಡಿ, ಮಕ್ಕಳ ತಪ್ಪು ಲೆಕ್ಕ ಎಂದು ಹೇಳುತ್ತಾ ಹೋದ, ಗಾಡಿಯ ಮಾತೇ ಬರಲಿಲ್ಲ.