ಜುಸ್ತೀನಾ ತೋಟದ ಕರಡಿ

ಸೆಪ್ಟೆಂಬರ್ 9, ಮಂಗಳವಾರ
ಬೆಳಿಗ್ಗೆ ಎರಡು ಹಿಕ್ಕೆ. ಒಂದು ಒಣಗಿತ್ತು, ಬಿಟ್ಟೆ. ಇನ್ನೊಂದು ತಾಜಾ. ಕಡ್ಡಿಯಲ್ಲಿ ಕಡಲೆಕಾಳಿನಷ್ಟು ತೆಗೆದು ಸ್ಪಿರಿಟ್ ಟ್ಯೂಬಿಗೆ ಹಾಕಿದೆ. ಈ ಸಲದ ಕರಡಿ ಗಣತಿ ಹೀಗೇ. ನಾವು ಬೇಟೆಗಾರರು ಹಿಕ್ಕೆ ಆಯಬೇಕು, ರಾಜಧಾನಿ ಲ್ಯುಬ್ಲಿಯಾನಾದ ಲ್ಯಾಬಿನವರು ಡಿಎನ್ಎ ನೋಡಿ ಕರಡಿಗಳೆಷ್ಟು ಅಂತ ಹೇಳುತ್ತಾರೆ. ಬಂದೂಕು ಹಿಡಿದ ಕೈಗೆ ಬಂದ ಗತಿ ನೋಡು.

ಗುಡ್ಡದ ಮೇಲೆ ಕರಡಿಗಳು ಊರಿಗಿಳಿಯದಿರಲಿ ಅಂತ ನಾವು ಮೆಕ್ಕೆಜೋಳ ಸುರಿಯುವಲ್ಲಿ ಅತ್ತೆ ಕಂಡಳು. ಹರಿದ ಕಿವಿಯ ಹೆಣ್ಣು ಕರಡಿ. ಕರೆಯದೆ ಬಂದು, ಎಲ್ಲ ತಿಂದು, ಗೊಣಗುತ್ತ ಹೋಗುತ್ತಾಳೆ — ಅದಕ್ಕೇ ಅತ್ತೆ. ಹೆಂಡತಿ ತೀರಿಕೊಂಡ ಮೇಲೆ ನಾನು ಕಾದು ಕೂತು ನೋಡುವ ಮುಖ ಅದೊಂದೇ.

ಸೆಪ್ಟೆಂಬರ್ 12
ಜುಸ್ತೀನಾ ಫೋನ್. ಕೆಳಗಿನ ಬೀದಿಯ ವಿಧವೆ. "ಪ್ಲಮ್ ತೋಟಕ್ಕೆ ಕರಡಿ ಬಂದಿತ್ತು ಕಣ್ರೀ, ಬೇಗ ಬನ್ನಿ!"

ಹೋದೆ. ಮರದ ಬುಡದಲ್ಲಿ ನೀಟಾಗಿ ಒಂದು ಗುಡ್ಡೆ. ಮಾದರಿ ತೆಗೆದೆ. ಕೈ ತೊಳೆಸಿ, ಬೆಣ್ಣೆ ಸುರಿದ ಸ್ಟ್ರುಕ್ಲಿ ಕಡುಬು ತಿನ್ನಿಸಿದಳು. ಬೆಳಿಗ್ಗೆ ಏಳಕ್ಕೇ ಓಲೆ, ಲಿಪ್‌ಸ್ಟಿಕ್ಕು. ಎಲ್ಲಿಗೋ ಹೊರಟಿದ್ದಳೇನೋ... ಪಾಪ, ತಡವಾಗಿರಬೇಕು.

ಸೆಪ್ಟೆಂಬರ್ 16
ಮತ್ತೆ ಫೋನ್. ಅದೇ ಮರ. "ರಾತ್ರಿ ಒಬ್ಳೇ ಇರೋಕೆ ಭಯ ಆಗುತ್ತೆ ರೀ" ಅಂದಳು. ಗೇಟಿಗೆ ಚಿಲಕ ಹಾಕಿಕೊಳ್ಳಿ ಅಂತ ಹೇಳಿ ಬಂದೆ.

ಸೆಪ್ಟೆಂಬರ್ 19
ಬೇಟೆಗಾರರ ಸಂಘದ ಮುಖ್ಯಸ್ಥ ವಿಂಕೊ ಕರೆಸಿದ.

"ಊರೊಳಗೆ ಎರಡು ಸಲ ಆಯ್ತಲ್ಲೋ ಸಿರಿಲ್. ಇನ್ನೊಂದ್ಸಲ ಸಿಕ್ರೆ ಮೇಲಕ್ಕೆ ಬರೀಲೇಬೇಕು. ಪರ್ಮಿಟ್ ಬರುತ್ತೆ, ಹೊಡೀಬೇಕು."

"ಯಾವ ಕರಡಿನ?"

"ಈ ಕಡೆ ಓಡಾಡೋದು ನಿಮ್ಮತ್ತೆನೇ ಅಲ್ವೇನೋ?"

ಊಟ ಸೇರಲಿಲ್ಲ.

ಸೆಪ್ಟೆಂಬರ್ 22
ಬೆಳಿಗ್ಗೆ 7 — ಜುಸ್ತೀನಾ ಫೋನ್. ಇದು ಮೂರನೇ ಸಲ. ಹೋಗಲೇಬೇಕು.

ಬೆಳಿಗ್ಗೆ 10 — ಕೆದಕಿ ನೋಡಿದೆ. ಬರೀ ಮೆಕ್ಕೆಜೋಳ! ಮರದ ತುಂಬ ಹಣ್ಣು, ನೆಲದ ತುಂಬ ಹಣ್ಣು, ಹಿಕ್ಕೆಯಲ್ಲಿ ಒಂದು ಪ್ಲಮ್ ಬೀಜವೂ ಇಲ್ಲ. ಒಂದು ಕೊಂಬೆ ಮುರಿದಿಲ್ಲ. ಪ್ಲಮ್ ತೋಟಕ್ಕೆ ಬಂದು ಉಪವಾಸ ಹೋಗುವ ಕರಡಿ ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಗೋಡೆಗೆ ಒರಗಿಸಿದ ಸಲಿಕೆ, ಪಕ್ಕದಲ್ಲಿ ತೊಳೆದು ಬೋರಲು ಹಾಕಿದ ಬಕೆಟ್ಟು.

"ಜುಸ್ತೀನಾ, ಈ ಕರಡಿ ನಡ್ಕೊಂಡ್ ಬಂತೋ, ಬಕೆಟ್ಟಲ್ಲಿ ಬಂತೋ?"

ಮುಖ ಕೆಂಪಾಯಿತು. ಆಮೇಲೆ ಸಿಡಿದಳು. "ಹೂಂ, ನಾನೇ ಗುಡ್ಡ ಹತ್ತಿ ಹೊತ್ಕೊಂಡ್ ಬಂದೆ! ಇನ್ನೇನ್ ಮಾಡ್ಲಿ? ಕೇಕ್ ಕಳಿಸ್ದೆ, ತಟ್ಟೆ ತೊಳ್ದು ಬಾಗ್ಲಲ್ಲಿಟ್ಟು ಹೋದ್ರಿ. ಚರ್ಚಲ್ಲಿ ಪಕ್ಕ ಕೂತೆ, ಎದ್ದು ಜಾಗ ಬಿಟ್ಕೊಟ್ರಿ. ಹಿಕ್ಕೆ ಅಂದ್ರೆ ಮಾತ್ರ ಬಿದ್ದಂಬೀಳ ಓಡಿ ಬರ್ತೀರಲ್ರೀ!"

ಪೆದ್ದನಂತೆ ನಾನು ಹೇಳಿದ್ದು ಇಷ್ಟೇ, "ಇದಕ್ಕೆ ಅತ್ತೆನ ಹೊಡೀತಾರೆ."

ಅವಳಿಗೆ ಗೊತ್ತಿರಲಿಲ್ಲ. ಮೆಟ್ಟಿಲ ಮೇಲೆ ಕುಸಿದು ಅತ್ತಳು. ಕಣ್ಣೊರೆಸೋಣವೆಂದರೆ ನನ್ನ ಕೈಯೆಲ್ಲ ಹಿಕ್ಕೆ.

ಸೆಪ್ಟೆಂಬರ್ 23
ಜುಸ್ತೀನಾ ತಾನೇ ಸಂಘಕ್ಕೆ ಹೋಗಿ, ಎಲ್ಲರೆದುರು ಒಪ್ಪಿಕೊಂಡಳಂತೆ. ಯಾಕೆ ಮಾಡಿದೆ ಅಂತಲೂ ಹೇಳಿದಳಂತೆ! ನನಗೆ ಇದನ್ನು ಹೇಳುತ್ತ ವಿಂಕೊ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡ. "ಹಿಕ್ಕೆ ಸಾಚಾ, ವಿಳಾಸ ಮಾತ್ರ ಸುಳ್ಳು. ಜಾಗ ತಿದ್ದಿ ಕಳ್ಸು. ನಿಮ್ಮತ್ತೆ ಬದುಕ್ಕೊಂಡ್ಲು ಕಣೋ." ಬೇಕರಿಯವನು ಕೂಡ ಕಣ್ಣು ಮಿಟುಕಿಸಿದ.

ಒಂದು ಕರಡಿಗಾಗಿ ಅವಳು ಮಾನ ಬಿಟ್ಟು ನಿಂತಳು. ನನಗೆ ನಾಚಿಕೆ. ಅದಕ್ಕಿಂತ ಹೆಚ್ಚು ಖುಷಿ.

ಅಕ್ಟೋಬರ್ 5, ಭಾನುವಾರ, ಸಂಜೆ
ಅವಳ ಫೋನಿಲ್ಲ. ಚರ್ಚಿನಲ್ಲೂ ದೂರ ಕೂತಳು. ಷರ್ಟು ಇಸ್ತ್ರಿ ಮಾಡಿಟ್ಟು ಮೂರು ದಿನವಾಯಿತು. ಹೋಗಿ ಏನನ್ನಲಿ? ಬರೆದು ನೋಡೋಣ.

"ಜುಸ್ತೀನಾ, ಹವಾ ಚೆನ್ನಾಗಿದೆ." ಛೆ.

"ಜುಸ್ತೀನಾ, ಜೋಳ ಸುರಿಯೋಕೆ ಹೊರಟೆ, ಬರ್ತೀರಾ?" ಪರವಾಗಿಲ್ಲ. ಆದರೆ...

ಯಾರೋ ಬಾಗಿಲು ಬಡಿಯುತ್ತಿದ್ದಾರೆ. ಅವಳ ದನಿಯೇ!

"ಕರಡಿನೂ ಇಲ್ಲ, ಹಿಕ್ಕೆನೂ ಇಲ್ಲ ಕಣ್ರೀ. ಸುಮ್ನೆ ಬಂದೆ. ತೆಗೀತೀರೋ, ಹೋಗ್ಲೋ?"

ಷರ್ಟಿನ ಗುಂಡಿ ಹಾಕಲು ಬರುತ್ತಿಲ್ಲ, ಈ ಹಾಳು ಕೈ —