ನಿನ್ನ ಪಡಸಾಲೆಯ ಹಲಗೆ

ಮುಂಡರಗಿ
ಭಾನುವಾರ, ೮ ಮಾರ್ಚ್ ೧೯೮೧

ಅಮೃತವ್ವನಿಗೆ ಗೌಸಬಿ ಬರೆಯುವುದು.

ಮೊದಲು ‘ಪ್ರೀತಿಯ’ ಎಂದು ಬರೆದು ಹೊಡೆದು ಹಾಕಿದ್ದೇನೆ. ಗೀಟಿನ ಕೆಳಗೆ ಓದಲು ಬರುತ್ತದೆ, ಬರಲಿ. ಒಂದೇ ಶಾಲೆಯಲ್ಲಿ ಕಲಿತವರು ನಾವು. ದಿನದ ಮಾತನ್ನು ಬರೆದಿಡುವುದು ನನಗೆ ಆಗಿನಿಂದಲೂ ರೂಢಿ. ನಮ್ಮ ಮನೆಯವರು ತೀರಿಹೋದ ಮೇಲೆ ಬರೆದದ್ದೆಲ್ಲ ನನಗೆ ನಾನೇ ಬರೆದುಕೊಂಡದ್ದು. ಇದು ನಿನಗೆ.

ನಿನ್ನ ಗಂಡ ನಿಜಲಿಂಗಪ್ಪನವರು ಹೇಳಿ ಕಳಿಸಿದ್ದಾರೆ: ತಮ್ಮ ಲಾರಿ ರಿಪೇರಿಯಾಗಿ ಬಂದಿದೆ, ನನ್ನ ಮೈದುನ ಮಾಶಾಕ ನಾಳೆಯಿಂದ ಅದನ್ನು ಮುಂಬಯಿಗೆ ಹೊಡೆಯಬೇಕು. ಅಣ್ಣ ಸತ್ತ ಗಾಡಿಗೆ ತಮ್ಮ. ಅವನು ಬರುವುದಿಲ್ಲ.

ಯಾಕೆಂದು ಹೇಳುತ್ತೇನೆ. ಗಂಡ ಸತ್ತವಳು ಮನೆಯೊಳಗೇ ಇರಬೇಕಾದ ಇದ್ದತ್ತಿನ ದಿನಗಳು ಮುಗಿದು ನಾನು ಮೊದಲ ಸಲ ಹೊಸ್ತಿಲು ದಾಟಿ ಬಂದದ್ದು ಬೆಟಗೇರಿಗೆ, ನಿನ್ನ ಮನೆಗೆ. ನೀನು ಕಣ್ಣೊರೆಸಿಕೊಂಡು, “ಬಾರ ನಮ್ಮವ್ವ, ನೆಲದ ಮ್ಯಾಲ ಯಾಕ, ಹಲಗಿ ಮ್ಯಾಲ ಕುಂಡ್ರು” ಎಂದೆ. ಕುಳಿತೆ. ಅಂಚಿಗೆ ಕೈ ಊರಿದಾಗ ಮೊಳೆಯೊಂದು ಚುಚ್ಚಿತು. ಅದರ ಕೆಳಗೆ ಬಟ್ಟೆಯ ಚೂರೊಂದು ಸಿಕ್ಕಿಕೊಂಡಿತ್ತು. ಹಸಿರು ಚೌಕಳಿ. ನಾನು ಹೊಲಿದ ಕೌದಿಯದು. ಗಾಡಿ ಕುಲುಕಿದಾಗ ಜಾರಬಾರದೆಂದು ನಾನೇ ಮೊಳೆ ಹೊಡೆದು ಕೂಡಿಸಿದ್ದೆ.

ಅದು ಲಾರಿಯಲ್ಲಿ ಡ್ರೈವರನ ಸೀಟಿನ ಹಿಂದೆ ಇದ್ದ ಹಲಗೆ. ಜೋಡಿ ಡ್ರೈವರ್ ಯಮನೂರಪ್ಪ ಗಾಡಿ ಹೊಡೆಯುವಾಗ ನಮ್ಮವರು ಅದರ ಮೇಲೆ ಮಲಗುತ್ತಿದ್ದರು, ಇವರು ಹೊಡೆಯುವಾಗ ಯಮನೂರಪ್ಪ. ಹೋದ ವರ್ಷ ಉಳ್ಳಾಗಡ್ಡಿ ಸುಗ್ಗಿಯಲ್ಲಿ ನಿನ್ನ ಗಂಡ ಯಮನೂರಪ್ಪನನ್ನು ಕೆಲಸದಿಂದ ಬಿಡಿಸಿದರು. ಹಲಗೆ ಬಿಚ್ಚಿಸಿ ಅಲ್ಲಿಯೂ ಚೀಲ ತುಂಬಿಸಿದರು. ಇವರು ಕೇಳಿದ್ದಕ್ಕೆ, “ಕುಂಡ್ರಾಕ ಸೀಟ್ ಐತಿ, ಮಕ್ಕೊಳ್ಳಾಕ ಮನಿ ಐತಿ. ಹಾದ್ಯಾಗ ಯಾಕ ಬೇಕಲೇ ಹಾಸಿಗಿ?” ಎಂದರಂತೆ. ತಡವಾಗಿ ಪೇಟೆ ತಪ್ಪಿದರೆ ಆ ಖೇಪಿಗೆ ಪಗಾರವೇ ಇಲ್ಲ. ನಮ್ಮವರು ಮನೆಗೆ ಬಂದು ನಗಾಡಿದರು: “ಉಳ್ಳಾಗಡ್ಡಿ ನನ್ನ ಹಾಸಿಗಿಗೆ ಬಾಡಿಗಿ ಕೊಡತಾವ. ನಾ ಏನ್ ಕೊಡತೀನಿ, ಬರೇ ಗೊರಕಿ.” ನಾನೂ ನಕ್ಕೆ.

ಆಮೇಲೆ ಸಾತಾರೆಯ ಆಚೆ, ಘಾಟಿನಲ್ಲಿ, ಒಬ್ಬರೇ ಇದ್ದ ಗಾಡಿ ಕಂದಕಕ್ಕೆ ಬಿತ್ತು. ಮಣ್ಣಿಗೆ ಬಂದವರೆದುರು ನಿನ್ನ ಗಂಡ, “ಮರ್ದಾನಸಾಬ ಛಲೋ ಡ್ರೈವರ್ ಖರೆ, ಆದ್ರ ನಿದ್ದಿಬಡಕ” ಎಂದರು. ಅಮೃತಾ, ಆ ನಿದ್ದೆಯನ್ನು ಬಿಚ್ಚಿ ತಂದು ಪಡಸಾಲೆಯಲ್ಲಿ ಹಾಕಿಕೊಂಡವರು ನೀವು. ಅದರ ಮೇಲೆ ಕುಳಿತು ನೀನು ಎಲೆ ಅಡಿಕೆ ಹಾಕುತ್ತೀ. ಬಟ್ಟೆಯ ಚೂರು ಕಾಣಲಿಲ್ಲ ಎನ್ನಬೇಡ. ಆ ಹಸಿರು ಚೌಕಳಿ ನಿನ್ನದೇ ಹಳೆಯ ಸೀರೆ, ಕೌದಿಗೆಂದು ನನಗೆ ಕೊಟ್ಟದ್ದು ನೀನೇ.

ಅಂದು ಚಹಾ ಕುಡಿದು, ನೀನು ಕೈಗಿಟ್ಟ ಹೊಸ ಸೀರೆ ಹಿಡಿದು, ಎದ್ದು ಬಂದೆ. ನನಗೆ ಮಾತು ತಡವಾಗಿ ಬರುತ್ತದೆ. ಈಗ ಬಂದಿದೆ. ಇನ್ನು ನಿನ್ನ ಮನೆಯ ಮೆಟ್ಟಿಲು ಹತ್ತುವುದಿಲ್ಲ. ನೀನೂ ಇತ್ತ ಬರಬೇಡ.

ಗೌಸಬಿ,
ಮರ್ದಾನಸಾಬರ ಹೆಂಡತಿ

ತಾ.ಕ.: ಮಾಶಾಕ ಬರುವುದಿಲ್ಲ ಎಂದು ಮೇಲೆ ಬರೆದೆ. ಬರುತ್ತಾನೆ. ಬೇರೆ ಎಲ್ಲಿಯೂ ಕೆಲಸ ಸಿಕ್ಕಿಲ್ಲ, ಅವನ ಮನೆಯ ಒಲೆಯೂ ನನ್ನ ಮನೆಯ ಒಲೆಯೂ ಅವನ ಮೇಲೆಯೇ ಇವೆ. ಈ ಪತ್ರ ನಿನ್ನ ಕೈಗೆ ಕೊಡುವವನು ಅವನೇ. ಜೊತೆಗೆ ಯಮನೂರಪ್ಪ ಬಂದಿದ್ದಾನೆ. ಇಬ್ಬರನ್ನೂ ಇಟ್ಟುಕೊಳ್ಳಲು ನಿನ್ನ ಗಂಡನಿಗೆ ಹೇಳು. ಹಲಗೆಯ ಮೇಲೆ ಯಾರು ಕುಳಿತಿದ್ದರೂ ಎಬ್ಬಿಸು, ಇವರಿಬ್ಬರೂ ಅದನ್ನು ಗಾಡಿಗೆ ಕೂಡಿಸಿಕೊಳ್ಳುತ್ತಾರೆ. ಮಾಶಾಕನ ಬಗಲಲ್ಲಿರುವ ಕೌದಿಯನ್ನು ನೋಡು. ನೀನು ಕೊಟ್ಟ ಹೊಸ ಸೀರೆ ಹರಿದು ಹೊಲಿದದ್ದು. ಈ ಸಲ ಮೊಳೆಗಳನ್ನು ಹತ್ತಿರ ಹತ್ತಿರ ಹೊಡೆಯಲು ಹೇಳಿದ್ದೇನೆ.